ವಾಯಿಯಲ್ಲಿ ಮೂರು ದಿನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾವು ವಾಯಿಗೆ ಹೋದದ್ದು ಜನವರಿಯ ಕೊನೆಯಲ್ಲಿ ಎಂದು ನನ್ನ ನೆನಪು. ನನ್ನ ಗಂಡ ಫೆಬ್ರುವರಿ ಎನ್ನುತ್ತಾರೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳು ನಾನೇ ಎಂದು ನನಗೆ ಖಾತ್ರಿ ಇದೆ. ತಾವೇ ಕೂತದ್ದೆಂದು ಅವರಿಗೂ ಅಷ್ಟೇ ಖಾತ್ರಿ. ಇಂಥದ್ದು ಹೇಗಿದ್ದರೂ ನಡೆಯುತ್ತದೆ. ಒಂದು ಸಂಗತಿ ಮಾತ್ರ ಹಾಗಲ್ಲ. ಆ ಪ್ರವಾಸದ ಮೂರನೆಯ ದಿನ ಮಧ್ಯಾಹ್ನ ಇವರಿಗೆ ಒಂದು ಸ್ವಂತ ಹೋಟೆಲು ಸಿಗುವುದಿತ್ತು, ಸಿಗಲಿಲ್ಲ. ಬೇಡ ಎಂದದ್ದು ನಾನೋ ಅವರೋ ಎನ್ನುವುದು ನಮ್ಮಿಬ್ಬರ ನೆನಪಿನಲ್ಲಿ ಬೇರೆ ಬೇರೆಯಾಗಿದೆ.

ಮಗಳು ಪುಣೆಯ ಹಾಸ್ಟೆಲಿಗೆ ಹೋದ ವರ್ಷ ಅದು. ಮುಂಬಯಿಯ ಭಾಂಡುಪಿನ ನಮ್ಮ ಒಂದು ರೂಮು, ಒಂದು ಕಿಚನ್ನಿನ ಮನೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಇಬ್ಬರೇ ಎಂದರೂ ಒಟ್ಟಿಗೆ ಇರುತ್ತಿದ್ದದ್ದು ಕಡಿಮೆ. ನಾನು ವಿಲೆ ಪಾರ್ಲೆಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ, ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತೇನೆ. ಇವರು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಹನ್ನೊಂದಕ್ಕೆ ಹೋದರೆ ಬರುವುದು ನಾನು ಮಲಗಿದ ಮೇಲೆ. ಆಗಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ಗಲ್ಲಾದಲ್ಲಿ ಕೂತಿದ್ದರು. ನನ್ನದು ಧಾರವಾಡದ ಕನ್ನಡ, ಅವರದು ತುಳು ಬೆರೆತ ಮಂಗಳೂರಿನ ಕನ್ನಡ. ಮಗಳು ಎರಡನ್ನೂ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

ಎಲ್ಲಿಗಾದರೂ ಹೋಗೋಣ ಎಂದದ್ದು ಇವರು. ರಜೆ ಕೇಳುವುದೆಂದರೆ ಸಂಕೋಚಪಡುವ ಮನುಷ್ಯ, ಆದ್ದರಿಂದ ನನಗೆ ಆಶ್ಚರ್ಯವಾಯಿತು. ನಾನು ಮಹಾಬಲೇಶ್ವರ ಎಂದೆ. ಫೋನಿನಲ್ಲಿ ಅಲ್ಲಿಯ ರೂಮುಗಳ ಬಾಡಿಗೆ ನೋಡಿ ಫೋನನ್ನು ಕವುಚಿ ಇಟ್ಟೆ.

"ಬೆಟ್ಟದ ಕೆಳಗೆ ವಾಯಿಯಲ್ಲಿ ಇರುವ," ಎಂದರು ಇವರು. "ಮಾಮನ ಹೋಟೆಲ್ ಉಂಟಲ್ಲ, ಊಟದ ತಲೆಬಿಸಿ ಇಲ್ಲ. ಬೆಳಿಗ್ಗೆ ಬಸ್ ಹತ್ತಿದ್ರೆ ಮಹಾಬಲೇಶ್ವರ ಎಂತ ದೂರ?"

ಮಾಮ ಎಂದರೆ ನನ್ನ ಅತ್ತೆಯ ತಮ್ಮ. ಹುಡುಗನಾಗಿದ್ದಾಗಲೇ ಊರು ಬಿಟ್ಟು ಬಂದು, ಕೊನೆಗೆ ವಾಯಿಯ ಬಸ್ ಸ್ಟ್ಯಾಂಡಿನ ಹತ್ತಿರ ಆರು ಮೇಜಿನ ಹೋಟೆಲು ಇಟ್ಟುಕೊಂಡವರು. ನಾನು ಅವರನ್ನು ಕಂಡದ್ದು ನಮ್ಮ ಮದುವೆಯಲ್ಲಿ, ಆಮೇಲೆ ಒಂದೆರಡು ಸಮಾರಂಭಗಳಲ್ಲಿ. ಉಳಿತಾಯದ ಉಪಾಯ ಎಂದುಕೊಂಡು ನಾನು ಒಪ್ಪಿದೆ.

ಥಾಣೆಯಿಂದ ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಹೋದೆವು. ನನ್ನ ಮುಂದಿನ ಸೀಟಿನ ಬೆನ್ನು ನಿಲ್ಲುತ್ತಿರಲಿಲ್ಲ. ಅದರಲ್ಲಿ ಕೂತವನು ಪುಣೆ ದಾಟುವವರೆಗೂ ನನ್ನ ಮೊಣಕಾಲ ಮೇಲೆ ನಿದ್ದೆ ಮಾಡಿದ. ಲಾಡ್ಜಿನವನು ಫೋನಿನಲ್ಲಿ ರಿವರ್ ವ್ಯೂ ಎಂದಿದ್ದ. ಬಚ್ಚಲಿನ ಸ್ಟೂಲಿನ ಮೇಲೆ ನಿಂತರೆ ನದಿ ಕಾಣುತ್ತಿತ್ತು. ಬಿಸಿನೀರು ಬೆಳಿಗ್ಗೆ ಆರರಿಂದ ಏಳರವರೆಗೆ, ಬಕೆಟ್ಟು ನಾವೇ ಹೊತ್ತು ತರಬೇಕು. ಹಾಸಿಗೆಯ ಬಟ್ಟೆ ಮಾತ್ರ ಬಿಳಿಯಾಗಿ, ಇಸ್ತ್ರಿ ಮಾಡಿದಂತಿತ್ತು. ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

ಎರಡನೆಯ ದಿನ ಮಹಾಬಲೇಶ್ವರಕ್ಕೆ ಹೋದೆವು. ಶೇರ್ ಜೀಪಿನವನು ಒಂದು ಪಾಯಿಂಟಿನ ಅಂಚಿಗೆ ನಮ್ಮನ್ನು ನಿಲ್ಲಿಸಿ, ಎದುರಿನ ಬೆಳ್ಳಗಿನ ಮಂಜನ್ನು ತೋರಿಸಿ, "ಯಹಾಂ ಸೆ ಪೂರಾ ಕೊಂಕಣ್ ದಿಖತಾ ಹೈ," ಎಂದ.

"ಕಬ್?" ಎಂದು ಇವರು ಕೇಳಿದರು.

"ಕಲ್ ದಿಖಾ ಥಾ, ಸಾಬ್."

ನಿನ್ನೆ ಇಡೀ ಕೊಂಕಣ ಕಂಡಿತ್ತಂತೆ! ಇವರು ಬಹಳ ಹೊತ್ತು ನಕ್ಕರು. ಅಷ್ಟು ನಕ್ಕದ್ದನ್ನು ನೋಡಿ ನನಗೆ ಬಸ್ಸೂ ಬಚ್ಚಲೂ ಮರೆತುಹೋದವು. ಅಂದೇ ಬೇಗ ಕೆಳಗಿಳಿದು ವಾಯಿಯ ಘಾಟಿನ ಮೆಟ್ಟಿಲ ಮೇಲೆ ಶೇಂಗಾ ತಿನ್ನುತ್ತ ಕೂತೆವು. ನೀರಿನಲ್ಲಿ ಇಬ್ಬರು ಹೆಂಗಸರು ಕೌದಿ ಒಗೆಯುತ್ತಿದ್ದರು. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಕೆಲಸದ ದಿನ ಸಂಜೆ ನಾಲ್ಕು ಗಂಟೆಗೆ ಇವರ ಮುಖ ಹೇಗಿರುತ್ತದೆ ಎಂದು ನಾನು ನೋಡಿರಲಿಲ್ಲ. ಹಣೆಯ ಗೆರೆಗಳು ಹಾಗೇ ಇದ್ದವು, ಆದರೆ ಕಣ್ಣು ಯಾರನ್ನೂ ಎಣಿಸುತ್ತಿರಲಿಲ್ಲ.

"ಇಲ್ಲಿ ಒಂಬತ್ತಕ್ಕೆಲ್ಲ ಹೋಟೆಲ್ ಬಂದ್," ಎಂದರು. "ಜನ ಬೇಗ ಮಲಗ್ತಾರೆ."

ಸುಮ್ಮನೆ ಆಡಿದ ಮಾತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮಾಮ ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಇವರು ಅವರ ಹೋಟೆಲಿನ ಗಲ್ಲಾದ ಹಿಂದೆ ಕೂತಾಗಿತ್ತು. ಬಡೇಸೋಪಿನ ತಟ್ಟೆಯನ್ನು ಎಡದಿಂದ ಬಲಕ್ಕೆ ಇಟ್ಟಿದ್ದರು, ಬಾಗಿಲಿನ ಹತ್ತಿರದ ಮೇಜನ್ನು ಒಂದಡಿ ಒಳಗೆ ಸರಿಸಿದ್ದರು. ಮಾಮ ಬಾಗಿಲಲ್ಲೇ ನಿಂತು ನೋಡಿದರು.

"ಒಂದು ಗಂಟೆ ಆಗ್ಲಿಲ್ಲ, ನನ್ನ ಹೋಟೆಲಲ್ಲಿ ನನಗೇ ದಾರಿ ಗೊತ್ತಾಗುದಿಲ್ಲ," ಎಂದರು. ಗೊಣಗಿದಂತಿತ್ತು, ಆದರೆ ಮುಖದಲ್ಲಿ ಖುಷಿ ಇತ್ತು.

ಊಟದ ಹೊತ್ತು ಮುಗಿದು ಚಹಾದ ಗಿರಾಕಿಗಳು ಬರುವ ಮೊದಲು ಒಂದು ತಾಸು ಅಲ್ಲಿ ಬಾಗಿಲು ಅರ್ಧ ಎಳೆದಿರುತ್ತದೆ. ಆ ಹೊತ್ತಿಗೆ ಮಾಮ ನಮ್ಮನ್ನು ಒಳಗಿನ ಮೇಜಿಗೆ ಕರೆದು ಮೂರು ಚಹಾ ತರಿಸಿದರು. ಇವರ ಜೊತೆ ಅವರು ಯಾವಾಗಲೂ ತುಳುವಿನಲ್ಲೇ ಮಾತಾಡುವುದು.

"ಮಗಾ, ನಾನು ಕನ್ನಡದಲ್ಲೇ ಹೇಳ್ತೇನೆ," ಎಂದರು ನನಗೆ. "ಆಮೇಲೆ ನಂಗೆ ಗೊತ್ತಾಗ್ಲಿಲ್ಲ ಅಂತ ನೀನು ಹೇಳ್ಬಾರ್ದು. ನನ್ನ ಮಂಡಿ ಹೋಯ್ತು. ಮಕ್ಕಳಿಲ್ಲ. ನಮ್ಮಲ್ಲಿ ಮಾಮನದ್ದು ಅಕ್ಕನ ಮಗನಿಗೆ, ಅದು ಹಿಂದಿನಿಂದ ಬಂದದ್ದು. ಇವ ಬಂದು ಇಲ್ಲಿ ಕೂತ್ಕೊಳ್ಳಲಿ. ಮೇಲೆ ಎರಡು ರೂಮುಂಟು. ನಾನು ಊರಿಗೆ ಹೋಗ್ತೇನೆ."

"ನನ್ನ ಕೆಲಸಾ, ಮಾಮ?"

"ಎಂತ, ಇಲ್ಲಿ ಕಾಲೇಜಿಲ್ವಾ? ಪುಸ್ತಕ ಎಲ್ಲ ಕಡೆ ಒಂದೇ ಅಲ್ವಾ ಮಾರಾಯ್ತಿ."

ನಾನು ಇವರ ಕಡೆ ತಿರುಗಿದೆ. "ನಿಮಗ ಮೊದಲ ಗೊತ್ತಿತ್ತೇನ್ರಿ?"

"ದೀಪಾವಳಿಗೆ ಫೋನ್ ಮಾಡುವಾಗ ಮಾಮ ಹೇಳಿದ್ರು. ನೀನೂ ಒಮ್ಮೆ ಊರು ನೋಡಿದ ಹಾಗೆ ಆಗ್ಲಿ ಅಂತ..."

"ಅಂದ್ರ ನಾ ತಿರಗಾಡಾಕ ಬಂದಿಲ್ಲ. ವರಾ ನೋಡಾಕ ಬಂದೀನಿ."

ಮಾಮ ಪಕ್ಕದ ಗೋಡೆ ತಟ್ಟಿ ನಕ್ಕರು. "ವರ ಒಳ್ಳೆಯವನೇ ಮಗಾ. ಸ್ವಲ್ಪ ಪ್ರಾಯ ಆಗಿದೆ. ಪೇಂಟ್ ಹೊಡೆದ್ರೆ ಸರಿ ಆಗ್ತಾನೆ."

ಇಲ್ಲಿಯವರೆಗೆ ನಮ್ಮಿಬ್ಬರ ನೆನಪಿಗೂ ಜಗಳವಿಲ್ಲ.

ಮುಂದಿನದು ನನಗೆ ನೆನಪಿರುವುದು ಹೀಗೆ. ನಾನು ಏನೂ ಹೇಳಲಿಲ್ಲ. ಮೇಜಿನ ಮೇಲೆ ಚಹಾದ ಲೋಟ ಬಿಟ್ಟ ಉಂಗುರವನ್ನು ಬೆರಳಿನಿಂದ ಒರೆಸುತ್ತಿದ್ದೆ. ಮೊದಲ ದರ್ಜೆಯಲ್ಲಿ ಪಾಸಾಗಿ, ಎಷ್ಟೋ ಅರ್ಜಿ ಹಾಕಿ ಪಡೆದ ಕೆಲಸ ನನ್ನದು. ದಿನಾ ಬೆಳಿಗ್ಗೆ ಲೋಕಲ್ ರೈಲಿನ ಅದೇ ಡಬ್ಬಿಯಲ್ಲಿ ನನಗಾಗಿ ಅರ್ಧ ಸೀಟು ಹಿಡಿದಿಡುವ ಹೆಂಗಸರಿದ್ದರು. ಅದನ್ನೆಲ್ಲ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಇವರೇ, "ಬೇಡ ಮಾಮ. ಆಗುದಿಲ್ಲ," ಎಂದರು. ಮಾಮ ಲೋಟಗಳನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮರುದಿನ ನಾವು ಬಸ್ಸು ಹತ್ತಿದೆವು. ನನಗಾಗಿ ಇವರು ಬಿಟ್ಟುಕೊಟ್ಟರು ಎಂಬ ಕೃತಜ್ಞತೆಯಲ್ಲೇ ನಾನು ವರ್ಷಗಟ್ಟಲೆ ಇದ್ದೆ.

ಹೋದ ವರ್ಷ ರಜೆಗೆ ಬಂದ ಮಗಳು ಊಟದ ನಡುವೆ ಕೇಳಿದಳು. "ಪಪ್ಪಾ, ನೀವು ಖುದ್ ಕಾ ಹೋಟೆಲ್ ಯಾಕೆ ನಹೀ ಡಾಲಾ?"

"ಸ್ವಂತದ್ದೇ ಸಿಗ್ತಿತ್ತು," ಎಂದರು ಇವರು. "ನಿನ್ನ ಅಮ್ಮ ಬೇಡ ಅಂದ್ಳು."

ದನಿಯಲ್ಲಿ ಸಿಟ್ಟಿರಲಿಲ್ಲ. ಗಾಡಿ ಹತ್ತು ನಿಮಿಷ ಲೇಟು ಎನ್ನುವಂತೆ ಹೇಳಿದ್ದರು.

"ನಾ ಯಾವಾಗ ಅಂದೆ?"

"ಅಲ್ಲೇ, ಟೀ ಕುಡಿಯುವಾಗ. 'ನಾ ಬರೂದಿಲ್ರಿ, ನೀವು ಬೇಕಾದ್ರ ಇರ್ರಿ' ಅಂದೆ ಅಲ್ವಾ? ಮತ್ತೆ ನಾನು ಎಂತ ಹೇಳುದು? ನಾನೂ ಬೇಡ ಮಾಮ ಅಂದೆ."

ಮಗಳು ಇಬ್ಬರ ಮುಖವನ್ನೂ ನೋಡಿ, "ಛೋಡೋ ಯಾರ್," ಎಂದು ಸಾರು ಬಡಿಸಿಕೊಂಡಳು.

ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುವವಳು. ಆ ರಾತ್ರಿಯೇ ಹುಡುಕಬಹುದಿತ್ತು. ಧೈರ್ಯವಾಗದೆ ವಾರ ಬಿಟ್ಟು ತೆಗೆದೆ. ಬಸ್ಸಿನ ಸೀಟಿನ ಬಗ್ಗೆ ಅರ್ಧ ಪುಟ ಇದೆ, ಮಂಜಿನ ಬಗ್ಗೆ ಜೀಪಿನವನ ಮಾತೂ ಸೇರಿ ಮುಕ್ಕಾಲು ಪುಟ. ಮೂರನೆಯ ದಿನಕ್ಕೆ ಇರುವುದು ಇಷ್ಟೇ: "ಮಧ್ಯಾಹ್ನ ನೀರುದೋಸೆ. ಮಾಮನ ಜೊತೆ ಮಾತಾಯಿತು." ಅಷ್ಟು ಬರೆಯುವ ನಾನು ಅಲ್ಲಿ ಯಾಕೆ ನಿಲ್ಲಿಸಿದೆ? ಹೇಳುವಂಥದ್ದೇನೂ ನಾನು ಹೇಳಿರಲಿಲ್ಲವೆಂದೋ, ಹೇಳಿದ್ದನ್ನು ಕಾಗದದ ಮೇಲೆ ನೋಡಲು ಇಷ್ಟವಿರಲಿಲ್ಲವೆಂದೋ ನನಗೆ ತಿಳಿಯುವುದಿಲ್ಲ. ಇವರು ಹೇಳಿದ ಆ ವಾಕ್ಯ ನಾನು ಆಡುವಂಥದ್ದೇ. ಆದರೆ ನನ್ನನ್ನು ಅಣಕಿಸಿ ಅಣಕಿಸಿ ಇವರಿಗೂ ನನ್ನ ಧಾಟಿ ಚೆನ್ನಾಗಿ ಬರುತ್ತದೆ. ನನ್ನ ಮುಖ ನೋಡಿ ತಾವೇ ಆ ಮಾತನ್ನು ಕೇಳಿಸಿಕೊಂಡಿರಲೂಬಹುದು. ಇವರು ಸುಳ್ಳು ಹೇಳುವವರಲ್ಲ. ನಾನೂ ಅಲ್ಲ ಎಂದುಕೊಂಡಿದ್ದೇನೆ.

ನಾನು ಬಾಯಿಬಿಟ್ಟು ಬೇಡ ಎಂದಿದ್ದರೆ, ಇವರು ಇಂದಿಗೂ ಗ್ರಾಂಟ್ ರೋಡಿನ ಅದೇ ಗಲ್ಲಾದಲ್ಲಿ ಕೂತಿರುವುದು ನನ್ನಿಂದ. ಅದನ್ನು ತಿಳಿದುಕೊಂಡು ಮಾಡುವುದೇನು ಎಂದು ಇವರು ಕೇಳಿಯಾರು. ಮಾಡುವುದೇನೂ ಇಲ್ಲ. ಮಾಮನ ಹೋಟೆಲನ್ನು ಆ ವರ್ಷದ ಮಳೆಗಾಲದಲ್ಲೇ ಬೇರೊಬ್ಬರು ತೆಗೆದುಕೊಂಡರು. ಆದರೂ ಇಷ್ಟು ವರ್ಷ ನಾನು ಯಾವುದಕ್ಕಾಗಿ ಕೃತಜ್ಞಳಾಗಿದ್ದೆ ಎಂದಾದರೂ ಗೊತ್ತಾಗಬೇಡವೇ?

ಆ ಮೇಜಿನಲ್ಲಿದ್ದ ಮೂರನೆಯವರು ಮಾಮ. ಈಗ ಊರಿನಲ್ಲಿ ಅಕ್ಕನ ಜೊತೆ ಇದ್ದಾರೆ. ಈ ಬೇಸಿಗೆಯಲ್ಲಿ ಒಂದು ಮದುವೆಗೆ ಮುಂಬಯಿಗೆ ಬಂದವರು ನಮ್ಮ ಮನೆಯಲ್ಲಿ ಎರಡು ದಿನ ಉಳಿದರು. ಮೊದಲ ದಿನ ತಿಂಡಿಯ ಹೊತ್ತಿಗೆ ನಾನು ವಾಯಿಯ ಮಾತೆತ್ತಿದೆ. "ಅದೆಲ್ಲ ಈಗ ಎಂತಕ್ಕೆ ಮಗಾ," ಎಂದು ಇನ್ನೊಂದು ದೋಸೆ ಕೇಳಿದರು. ಹೊರಡುವ ದಿನ ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿಗೆ ಬಿಡಲು ಹೋದೆವು. ಇವರು ನೀರಿನ ಬಾಟಲಿ ತರಲು ಸ್ಟಾಲಿನತ್ತ ನಡೆದರು. ನಾನು ಮಾಮ ಕೂತಿದ್ದ ರೈಲಿನ ಕಿಟಕಿಯ ಸರಳು ಹಿಡಿದು ಕೇಳಿದೆ.

"ಮಾಮ, ಅವತ್ತ ಚಹಾ ಕುಡಿಯೂ ಮುಂದ ಮೊದಲ ಬ್ಯಾಡ ಅಂದವರು ಯಾರು? ನಾನೋ, ಇವರೋ?"

ಅವರು ನನ್ನನ್ನು ನೋಡಿದರು, ಆಮೇಲೆ ಸ್ಟಾಲಿನ ಕಡೆ ನೋಡಿದರು. ಮಂಡಿಯ ಮೇಲೆ ಕೈ ಇಟ್ಟು ಉಜ್ಜಿಕೊಂಡರು. ಅಷ್ಟರಲ್ಲಿ ಇವರು ಬಾಟಲಿ ಹಿಡಿದು ಬಂದರು, ಮಾಮ ಅದನ್ನು ತೆಗೆದುಕೊಂಡು ತುಳುವಿನಲ್ಲಿ ಏನೋ ತಮಾಷೆ ಮಾಡಿದರು. ಗಾಡಿ ಹೊರಟಿತು.

ಅದಾದ ಮೇಲೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮಂಡಿಯ ವಿಷಯ, ಮಗಳ ವಿಷಯ ಎಲ್ಲ ಆಯಿತು. ಅದೊಂದಕ್ಕೆ ಉತ್ತರ ಬಂದಿಲ್ಲ.