ಹುಳಿ ಹಾಕದ ಪತ್ರೊಡೆ

ಆ ಬಂಗಲೆಯ ಬಾವಿ ನೀರು ಕೆಟ್ಟಿರಲಿಲ್ಲ. ಅತಿಥಿಗಳ ಗಂಟಲು ಕೆರೆದದ್ದು ನನ್ನ ಪತ್ರೊಡೆಯಿಂದ. ಹುಳಿ ಹಾಕದೆ ಮಾಡಿದ್ದೆ, ಬೇಕೆಂದೇ.

ಕಡಬದ ಕಾಲೇಜಿಗೆ ಹೋಗುವ ಮೊಮ್ಮಗಳು ಮೊನ್ನೆ ಮೊಬೈಲಿನಲ್ಲಿ ಆ ಬಂಗಲೆಯ ಚರಿತ್ರೆ ಓದಿ ಹೇಳಿದಳು. ಸೈನ್ಯದ ದೊಡ್ಡ ಸಾಹೇಬರಿಗೆ ಸರಕಾರ ಕೊಡುವ ಮನೆ ಅದು, ದೂರದ ಉತ್ತರದಲ್ಲಿ. ಯಾರು ಕಟ್ಟಿಸಿದ್ದು, ಯಾವ ಯಾವ ಸಾಹೇಬರು ಇದ್ದದ್ದು, ಎಲ್ಲ ಬರೆದಿದ್ದಾರಂತೆ. ಹಿತ್ತಿಲ ಬಾವಿಗೆ ಒಂದೇ ಸಾಲು: ಒಂದು ಔತಣದಲ್ಲಿ ಕೆಟ್ಟ ನೀರು ಕುಡಿದು ಅತಿಥಿಗಳಿಗೆ ತೊಂದರೆಯಾದ ಕಾರಣ ಮುಚ್ಚಿಸಿದರು ಎಂದು.

“ಹೌದಾ ಅಜ್ಜಿ?”

“ಬರೆದವರು ಪತ್ರೊಡೆ ತಿಂದವರಲ್ಲ” ಎಂದೆ.

ನನ್ನ ಗಂಡ ಅಲ್ಲಿ ಸಾಹೇಬರ ಆರ್ಡರ್ಲಿ, ಮನೆಗೆಲಸಕ್ಕೆ ಹಾಕಿದ ಸಿಪಾಯಿ. ಬಾವಿಯೂ ಅವರ ಜವಾಬ್ದಾರಿ. ಹಿಂದಿನ ಒಂದು ಕೋಣೆಯಲ್ಲಿ ನಾವಿಬ್ಬರು. ಬಾವಿಕಟ್ಟೆಯ ತೇವಕ್ಕೆ ಕೆಸು ಬೆಳೆದಿತ್ತು. ಅದರ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸಿ ನಮಗೆಂದು ಮಾಡಿದ ಪತ್ರೊಡೆಯನ್ನು ಸಾಹೇಬರ ಹೆಂಡತಿ ಮೇಮ್‌ಸಾಬ್ ಒಮ್ಮೆ ತಿಂದು ನೋಡಿದಳು. ಆಮೇಲೆ ಅವರ ಅಡಿಗೆ ನನ್ನ ಕೆಲಸ, ದೊಡ್ಡ ಊಟ ಎಂದರೆ ಪತ್ರೊಡೆ. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲಲ್ಲಿ ಮುಳ್ಳಾಡಿದ ಹಾಗೆ ಆಗುತ್ತದೆ. ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಲ್ಲಿಯವರಿಗೆ ಗೊತ್ತಿರಲಿಲ್ಲ.

ತವರು ಕಾಣಿಯೂರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು. ಔತಣದ ದಿನ ಬೆಳಿಗ್ಗೆ ಮೇಮ್‌ಸಾಬಳ ಮೇಜು ಒರೆಸುವಾಗ ಡ್ರಾಯರಿನಲ್ಲಿ ಟೆಲಿಗ್ರಾಂ ಕಂಡಿತು. ಓದಲು ಬಾರದು, ಗಂಡನ ಹೆಸರಿನ ಅಕ್ಷರದ ಗುರುತು ಮಾತ್ರ ಇತ್ತು. ಗಂಡನ ಮುಂದೆ ಹಿಡಿದೆ.

“ಇದು ಎಂತ?”

ಅವರು ಬಾವಿಹಗ್ಗ ಸುತ್ತುತ್ತಲೇ ಇದ್ದರು. “ನಿನ್ನ ಅಮ್ಮ ಹೋದರು. ಮೂರು ದಿನ ಆಯ್ತು.”

“ನಿಮಗೆ ಗೊತ್ತಿತ್ತಾ?”

“ಊಟ ಮುಗಿದ ಮೇಲೆ ಹೇಳು ಅಂದದ್ದು ಮೇಮ್‌ಸಾಬ್. ನೀನು ಅಳ್ತಾ ಕೂತರೆ ಪತ್ರೊಡೆ ಯಾರು ಮಾಡುದು?”

“ನಿಮಗೆ ಬಾಯಿ ಇರಲಿಲ್ವಾ?”

“ಇಲ್ಲಿಂದ ಓಡಿಸಿದರೆ ಎಂತ ಮಾಡುದು ಮಾರಾಯ್ತಿ? ಹಿಮದಲ್ಲಿ ಹೋಗಿ ನಿಲ್ಲುದಾ?”

ನಾನು ಅಳಲಿಲ್ಲ. ಸಾವಿನ ಸ್ನಾನವೂ ಇಲ್ಲದೆ, ಸೂತಕದ ಕೈಯಲ್ಲಿ ಮೂರು ದಿನ ಅವರಿಗೆಲ್ಲ ಬೇಯಿಸಿ ಹಾಕಿದ್ದೆ. ಇನ್ನೊಂದು ಹೊತ್ತು ಹೆಚ್ಚಲ್ಲ. ಅಕ್ಕಿ, ಮೆಣಸು, ಬೆಲ್ಲ ಹಾಕಿ ರುಬ್ಬಿದೆ. ನೆನೆಹಾಕಿದ್ದ ಹುಳಿಯನ್ನು ಕೆಸುವಿನ ಬುಡಕ್ಕೆ ಚೆಲ್ಲಿದೆ.

ಮಧ್ಯಾಹ್ನ ಮೊದಲು ಕೆಮ್ಮಿದ್ದು ಸಾಹೇಬರೇ. ಆಮೇಲೆ ಮೇಜಿನ ಸುತ್ತ ಒಬ್ಬೊಬ್ಬರೇ ಗಂಟಲು ಹಿಡಿದುಕೊಂಡು ನೀರು ಕೇಳಿದರು. ಕುಡಿದರೂ ಕಡಿಮೆಯಾಗಲಿಲ್ಲ. ಎಂತ ಹಾಕಿದ್ದೀ ಎಂದು ಮೇಮ್‌ಸಾಬ್ ಕಿರುಚಿದಳು. ಯಾವತ್ತಿನ ಹಾಗೇ ಎಂದೆ. ಅಷ್ಟು ಸಲ ತಿಂದದ್ದೇ ಅಲ್ಲವಾ, ನಂಬಿದಳು. ಹಾಗಾದರೆ ನೀರು. ನೀರು ಸೇದಿದವನು ಯಾರು?

ಗಂಡ ಕೈಯಲ್ಲಿದ್ದ ತಟ್ಟೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡರು. ನುಂಗಿ ನನ್ನನ್ನು ನೋಡಿದರು. ಸುಳ್ಯದಲ್ಲಿ ಹುಟ್ಟಿ ಬೆಳೆದವರು, ಗೊತ್ತಾಗದೆ ಇರುತ್ತದಾ? ಒಂದು ಮಾತು ಸಾಕಿತ್ತು. ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಸಂಜೆಯೊಳಗೆ ಅವರಿಗೆ ಹುಕುಂ ಬಂತು, ಹಿಮದ ಗಡಿಗೆ ಹೋಗಲು. ಎರಡು ವರ್ಷ ಕಳೆದು ಊರಿಗೆ ಬಂದಾಗ ಹಿಮಕ್ಕೆ ಕೊಳೆತು ಎಡಗಾಲಿನಲ್ಲಿ ಮೂರು ಬೆರಳು ಇರಲಿಲ್ಲ. ಸಾಯುವವರೆಗೆ ಕುಂಟಿದರು. ನನಗೆ ಪಾಪ ಅನ್ನಿಸಲಿಲ್ಲ.

ಔತಣದ ಮರುದಿನ ಬೆಳಿಗ್ಗೆ, ಬಾವಿ ಮುಚ್ಚುವ ಆಳುಗಳು ಬರುವ ಮೊದಲು, ಎರಡು ಕೊಡ ಸೇದಿ ಅಮ್ಮನ ಹೆಸರಿನಲ್ಲಿ ತಲೆಗೆ ಸುರಿದುಕೊಂಡೆ. ಒದ್ದೆ ಸೀರೆಯಲ್ಲೇ ಒಳಗೆ ಹೋಗಿ ಗಂಡನ ಟ್ರಂಕಿಗೆ ಬಟ್ಟೆ ತುಂಬಿಸಿದೆ.