ಒದ್ದೆ ಸೊಪ್ಪು ಹಾಕಿದ ದಿನ

ಗಂಡಸರು ಕಟ್ಟುವಂಥ ದೊಡ್ಡ ವಾಚೊಂದನ್ನು ನಮ್ಮ ಸಿಸ್ಟರ್ ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಕೈ ತೊಳೆಯಲು ಬಿಚ್ಚಿಟ್ಟರೆ ಅಲ್ಲೊಂದು ಬಿಳಿಯ ಪಟ್ಟಿ ಕಾಣುತ್ತಿತ್ತು. ಉಳಿದ ಕೈಯೆಲ್ಲ ಬಿಸಿಲಿಗೆ ಕಪ್ಪಾಗಿತ್ತು, ಉಗುರಿನ ಸಂದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು. ಕನ್ಯಾಸ್ತ್ರೀಯರ ಕೈ ಎಂದರೆ ಜಪಸರ ಹಿಡಿದ ಮೆತ್ತನೆಯ ಕೈ ಎಂದುಕೊಂಡಿದ್ದ ನನಗೆ ಮೊದಲ ದಿನವೇ ಕೊಂಚ ನಿರಾಸೆಯಾಯಿತು.

ಆಗ ನನಗೆ ಹದಿನೆಂಟು. ಚಿಂತಾಮಣಿಯಲ್ಲಿ ಪಿಯುಸಿ ಮುಗಿಸಿ, ಸಿಸ್ಟರ್ ಆಗಬೇಕೆಂದು ಕೆಂಚಾರ್ಲಹಳ್ಳಿಯಿಂದ ಟ್ರಂಕಿನೊಂದಿಗೆ ಶಿಡ್ಲಘಟ್ಟದ ಕಡೆಯ ಒಂದು ಕಾನ್ವೆಂಟಿಗೆ ಬಂದಿದ್ದೆ. ನಿಜವಾಗಿಯೂ ದೈವಕರೆ ಇದೆಯೇ ಎಂದು ತಿಳಿದುಕೊಳ್ಳಲು ನಮ್ಮಂಥ ಹುಡುಗಿಯರು ಅಲ್ಲಿ ಒಂದು ವರ್ಷ ಇರಬೇಕಿತ್ತು. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಈ ಸಿಸ್ಟರ್. ಕರಾವಳಿಯವರು, ಇಲ್ಲಿಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತಷ್ಟೆ. ಊರಿನಿಂದ ಬಂದ ಹಲಸಿನ ಹಪ್ಪಳವನ್ನು ಡಬ್ಬಿಯಲ್ಲಿಟ್ಟು, ಒಂದನ್ನು ನಾಲ್ಕು ಚೂರು ಮಾಡಿ ನಮಗೆ ಹಂಚುತ್ತಿದ್ದರು. ಏನು ಕೇಳಿದರೂ ಮೊದಲು "ನೋಡುವ" ಎನ್ನುತ್ತಿದ್ದರು.

ನನ್ನ ವಿಷಯದಲ್ಲಿ ನೋಡುವುದೇನಿದೆ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಮೂರು ತಿಂಗಳ ಕೂಸಾಗಿದ್ದಾಗ ಜ್ವರ ತಲೆಗೇರಿ ನಾನು ಬದುಕುವುದೇ ಅನುಮಾನವಾಗಿತ್ತಂತೆ. ಅಮ್ಮ ಆರೋಗ್ಯಮಾತೆಯ ಪಟದ ಮುಂದೆ ಮಂಡಿಯೂರಿ, "ಉಳಿಸ್ಕೊಟ್ರೆ ನಿಂಗೇ ಕೊಡ್ತೀನಿ ತಾಯಿ" ಎಂದು ಹರಕೆ ಹೊತ್ತಳು. ನಾನು ಉಳಿದೆ. ಹೀಗಾಗಿ ನಾನು ಸಿಸ್ಟರ್ ಆಗುವುದು ನಮ್ಮ ಮನೆಯಲ್ಲಿ ಎಂದೋ ತೀರ್ಮಾನವಾದ ಮಾತು. ನಾನೂ ಬೇರೆ ಯೋಚಿಸಿದವಳಲ್ಲ. ಹೇಳಿದ್ದು ಮಾಡುವ ಹುಡುಗಿ ಎಂದು ಶಾಲೆಯಲ್ಲಿ ಪ್ರತಿವರ್ಷ ಬಹುಮಾನ ಬರುತ್ತಿತ್ತು.

ಕಾನ್ವೆಂಟಿನ ಹಿಂದೆ ಊರ ಹೆಂಗಸರಿಗೆ ಕೆಲಸ ಕಲಿಸಲೆಂದು ರೇಷ್ಮೆ ಹುಳು ಸಾಕುವ ಒಂದು ಹುಳುಮನೆ ಇತ್ತು. ಒಂದು ಬೆಳಿಗ್ಗೆ ಮಳೆ ಬಂದು, ಕೊಯ್ದು ತಂದ ಸೊಪ್ಪೆಲ್ಲ ಒದ್ದೆಯಾಗಿತ್ತು. ಹುಳು ನೋಡಿಕೊಳ್ಳುವ ಹೆಂಗಸು ಅಂದು ಬಂದಿರಲಿಲ್ಲ. ಸಿಸ್ಟರ್ ಅವಸರದಲ್ಲಿ, "ಹಾಕು ಹಾಕು, ಪಾಪ ಹಸಿದಿವೆ" ಎಂದರು. ಒದ್ದೆ ಸೊಪ್ಪು ತಿಂದರೆ ರೇಷ್ಮೆ ಹುಳು ಉಳಿಯುವುದಿಲ್ಲ ಎಂಬುದು ನಮ್ಮ ಕಡೆ ಎಂಟು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. "ಆಗ್ಲಿ ಸಿಸ್ಟರ್" ಎಂದು ತಟ್ಟೆ ತಟ್ಟೆಗೂ ಹಾಕಿದೆ. ವಿಧೇಯತೆ ಸಿಸ್ಟರುಗಳು ತೊಡುವ ಮೂರು ವ್ರತಗಳಲ್ಲಿ ಒಂದಲ್ಲವೇ? ದೇವರು ಪರೀಕ್ಷಿಸುತ್ತಿದ್ದಾನೆ, ನಾನು ಗೆಲ್ಲುತ್ತಿದ್ದೇನೆ ಎಂದು ಒಳಗೊಳಗೇ ಖುಷಿಯೂ ಆಯಿತು.

ನಾಲ್ಕನೆಯ ದಿನಕ್ಕೆ ಹುಳುಗಳು ಮೆತ್ತಗಾಗಿ, ಕಪ್ಪಿಟ್ಟು, ವಾಸನೆ ಬರತೊಡಗಿದವು. ಎಲ್ಲವನ್ನೂ ಗುಂಡಿ ತೋಡಿ ಹೂಳಿದೆವು. ಕೆಲಸದ ಹೆಂಗಸು ಕಾರಣ ಹೇಳಿದ ಮೇಲೆ ಸಿಸ್ಟರ್ ನನ್ನನ್ನು ಕರೆದರು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಸಿಸ್ಟರ್. ನಮ್ಮಜ್ಜಿ ಎಲೆ ಎಲೆ ಒರೆಸಿ ಹಾಕೋರು."

"ಮತ್ತೆ ಹೇಳುದಲ್ವಾ ಮಾರಾಯ್ತಿ!"

"ನೀವು ಹಾಕು ಅಂದ್ರಲ್ಲ ಸಿಸ್ಟರ್. ವಿಧೇಯತೆ ಅಂತ..."

ಅವರು ಬೋರಲು ಹಾಕಿದ್ದ ಬುಟ್ಟಿಯ ಮೇಲೆ ಕುಳಿತುಬಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಇದು ವಿಧೇಯತೆ ಅಲ್ಲ ಮಗಾ, ಹೆದರಿಕೆ. ಬೇಡ ಅಂತ ಹೇಳ್ಲಿಕ್ಕೆ ಬಾರದವಳು ದೇವರಿಗೆ ಹೂಂ ಅಂದ್ರೆ ಅದರಲ್ಲಿ ಎಂತ ಉಂಟು?" ಆಮೇಲೆ ಕೇಳಿದರು: "ಇಲ್ಲಿಗೆ ಬಂದದ್ದೂ ಹೀಗೆಯಾ?"

ನಾನು ಅಳುತ್ತಾ ಹರಕೆಯ ಕಥೆ ಹೇಳಿದೆ.

"ಅದು ಅಮ್ಮನದ್ದಾಯ್ತು. ನಿಂಗೆ ಇಷ್ಟ ಉಂಟಾ?"

ಅದುವರೆಗೆ ಯಾರೂ ಕೇಳದ ಪ್ರಶ್ನೆ. "ಗೊತ್ತಿಲ್ಲ ಸಿಸ್ಟರ್" ಎಂದೆ. "ನೋಡುವ" ಎಂದರು.

ಆಮೇಲೆ ಐದು ತಿಂಗಳು ಅವರು ನನ್ನನ್ನು ಯಾವ ಕಡೆಗೂ ದೂಡಲಿಲ್ಲ. ಪ್ರತಿ ಶನಿವಾರ "ಗೊತ್ತಾಯ್ತಾ?" ಎಂದಷ್ಟೇ ಕೇಳುವರು. ಒಂದು ಶನಿವಾರ, ಹೊಸ ಹುಳುಗಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ತಲೆಯೆತ್ತದೆ ಹೇಳಿದೆ: "ನಂಗೆ ಬೇಡ ಸಿಸ್ಟರ್." ಹೇಳಿ ನಾನೇ ಬೆಚ್ಚಿದೆ. ಅವರು, "ಸರಿ, ಅಮ್ಮನಿಗೆ ಹೇಳುವ. ನಾನು ಬರ್ತೇನೆ, ಮಾತಾಡುದು ಮಾತ್ರ ನೀನು" ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದೆ. ಮನೆಯಲ್ಲಿ ಅಮ್ಮ ಕಾಫಿ ತಂದಿಟ್ಟಳು. ನಾನು ಹೇಳಿದೆ.

"ಏನೇ ಹಿಂಗಂತೀಯ? ಮಾತೆಗೆ ಕೊಟ್ಟ ಮಾತು ಕಣೇ ಅದು!" ಅಮ್ಮ ಸಿಸ್ಟರ್ ಕಡೆ ತಿರುಗಿದಳು. "ನೀವಾದ್ರೂ ಬುದ್ಧಿ ಹೇಳ್ರಮ್ಮ."

ಸಿಸ್ಟರ್ ಕಾಫಿ ಆರಿಸಿಕೊಳ್ಳುತ್ತಾ, "ಮಾತು ಕೊಟ್ಟದ್ದು ನೀವಲ್ವಾ? ನೀವೇ ಬನ್ನಿ. ಒಂದು ಮಂಚ ಖಾಲಿ ಉಂಟು" ಎಂದರು.

ಜಗಲಿಯಿಂದ ಅಪ್ಪ, "ಕರ್ಕೊಂಡೋಗಿ ಸಿಸ್ಟರ್, ಈಗ್ಲೇ ಟ್ರಂಕು ಕೊಡ್ತೀನಿ" ಎಂದು ನಕ್ಕರು. ಅಮ್ಮ ಸಿಟ್ಟಿನಿಂದ ಅಡುಗೆಮನೆ ಸೇರಿದಳು. ಸಿಸ್ಟರ್ ಹಿಂದೆಯೇ ಹೋದರು. ಅಲ್ಲಿ ಏನು ಮಾತಾಯಿತೋ, ಹೊರಡುವಾಗ ಅಮ್ಮ ಕಣ್ಣೊರೆಸಿಕೊಂಡು ಅವರ ಚೀಲಕ್ಕೆ ಕಡಲೆಕಾಯಿ ತುಂಬಿದಳು. ಎಷ್ಟೋ ವರ್ಷಗಳ ಮೇಲೆ ಅಮ್ಮ ಅದನ್ನು ಹೇಳಿದಳು. ಸಿಸ್ಟರ್ ಆಗ, "ಮಾತೆಯೂ ತಾಯಿಯೇ ಅಲ್ವಾ? ಇನ್ನೊಬ್ಬ ತಾಯಿಯ ಮಗಳನ್ನು ಅಳಿಸಿ ಕರ್ಕೊಳ್ತಾಳಾ?" ಎಂದಿದ್ದರಂತೆ.

ನನಗೆ ಮದುವೆಯಾಯಿತು. ಚಿಕ್ಕಬಳ್ಳಾಪುರದಲ್ಲಿ ಮನೆ, ಇಬ್ಬರು ಮಕ್ಕಳು. ಹೋದ ವರ್ಷ, ವಯಸ್ಸಾದ ಸಿಸ್ಟರುಗಳಿರುವ ಮನೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಕೈ ಬೆಳ್ಳಗೆ ಸಣ್ಣಗಾಗಿತ್ತು. ನನ್ನ ಬೆರಳು ಹಿಡಿದು ಕೇಳಿದರು: "ಅವತ್ತು ಹೊರಟು ಹೋದದ್ದಕ್ಕೆ ಬೇಸರ ಉಂಟಾ?"

ಹಿಂದಿನ ನಾನಾಗಿದ್ದರೆ ಅವರ ಮನಸ್ಸಿಗೆ ಹಿತವಾಗಲೆಂದು ಇಲ್ಲ ಎನ್ನುತ್ತಿದ್ದೆ.

"ಇದೆ ಸಿಸ್ಟರ್. ಕೆಲವು ದಿನ ಮನೆ ತುಂಬಾ ಗಲಾಟೆ ಇದ್ದಾಗ ನಿಮ್ಮ ಪ್ರಾರ್ಥನಾಲಯದ ಬೆಳಿಗ್ಗೆ ನೆನಪಾಗತ್ತೆ. ಅಲ್ಲೇ ಇರಬಹುದಿತ್ತೇನೋ ಅನ್ಸತ್ತೆ."

ಅವರ ಮುಖ ಅರಳಿತು. "ನಂಗೂ ಹಾಗೇ. ಕೆಲವು ದಿನ ಒಂದು ಮಗು ಇರ್ಬೇಕಿತ್ತು ಅಂತ ಆಗ್ತದೆ. ಮರುದಿನ ಎದ್ದು ದೇವರಿಗೆ ಮತ್ತೆ ಹೂಂ ಅಂತೇನೆ. ಒಂದೇ ಸಲ ಅಂದ್ರೆ ಸಾಕಾಗುದಿಲ್ಲ ಮಾರಾಯ್ತಿ, ದಿನಾ ಅನ್ಬೇಕು."

ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಮಣ್ಣು ಹಾಕಿ ಬಂದ ಮರುದಿನ ಎಂದಿನಂತೆ ಐದಕ್ಕೆ ಎದ್ದೆ. ಗಂಡ, ಮಕ್ಕಳು ಇನ್ನೂ ಮಲಗಿದ್ದರು. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಗೋಡೆಗೆ ಒರಗಿ ನಿಂತು, ಮೆಲ್ಲಗೆ "ಹೂಂ" ಎಂದೆ. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.