ಐರಿನ್ ಎತ್ತಿದ ಫೋನು

ಇದನ್ನು ನಾನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ. ನಡೆದದ್ದು ಬಹ್ರೇನಿನಲ್ಲಿ, ಮಾಹೂಝಿನ ನಮ್ಮ ಫ್ಲ್ಯಾಟಿನಲ್ಲಿ, ಕೇಳಿಸಿದ್ದು ನನ್ನ ಈ ಎರಡು ಕಿವಿಗಳಿಗೆ. ನಂಬದವರು ನಂಬದಿರಲಿ, ನನಗೇನೂ ಬೇಜಾರಿಲ್ಲ. ಹೊಟ್ಟೆಕಿಚ್ಚಿಗೆ ಹಾಗೆಲ್ಲ ಕೇಳಿಸಿರಬೇಕು ಎಂದು ಮಾತ್ರ ಹೇಳಬೇಡಿ. ಹೊಟ್ಟೆಕಿಚ್ಚು ಇತ್ತು, ಒಪ್ಪಿಕೊಂಡೆ. ಕೇಳಿಸಿದ್ದು ಬೇರೆ.

ನಮ್ಮವರು, ದಿನೇಶ್, ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗು ರಿಪೇರಿ ವರ್ಕ್‌ಶಾಪೊಂದರ ಫಿಟ್ಟರ್. ಹೋದ ವರ್ಷ, ಇಂಜಿನ್ ರಿಪೇರಿಯಾದ ಮೀನುಗಾರಿಕೆ ಹಡಗಿನ ಜೊತೆ ಅವರನ್ನು ಮೂರು ತಿಂಗಳಿಗೆ ಕಳಿಸಿದರು. ಉತ್ತರದ ತುತ್ತತುದಿಗೆ, ಮಂಜುಗಡ್ಡೆ ತೇಲುವ ಕಡಲಿಗೆ. ಇಲ್ಲಿ ನಾನೊಬ್ಬಳೇ ಉಳಿದೆ. ಪಕ್ಕದ ಫ್ಲ್ಯಾಟಿನಲ್ಲಿ ಐರಿನ್.

ಐರಿನ್ ಮೂಲ್ಕಿ ಕಡೆಯವಳು, ನರ್ಸ್, ಮದುವೆಯಾಗಿಲ್ಲ, ನನಗಿಂತ ಆರು ವರ್ಷ ಚಿಕ್ಕವಳು. ನೋಡಲಿಕ್ಕೂ ಚಂದ. ಅವಳ ಎ.ಸಿ. ಕೆಟ್ಟರೆ ನಮ್ಮವರು ಊಟ ಬಿಟ್ಟು ಓಡುತ್ತಿದ್ದರು. ನಮ್ಮ ಬಚ್ಚಲಿನ ನಲ್ಲಿ ನಾಲ್ಕು ತಿಂಗಳು ಸೋರಿತು. ಅವಳು ಕೊಟ್ಟ ಬಂಗುಡೆ ಮೀನಿನ ಗಸಿಯನ್ನು ಬೆರಳು ಚೀಪಿ ತಿಂದು, ನನ್ನದಕ್ಕೆ ಉಪ್ಪು ಕಡಿಮೆ ಎನ್ನುತ್ತಿದ್ದರು. ಅವಳು ಬಾಯಿ ತುಂಬ ದಿನೇಶಣ್ಣ ಎನ್ನುತ್ತಿದ್ದಳು, ನಿಜ. ಅಣ್ಣನ ಹತ್ತಿರ ಅಷ್ಟೆಲ್ಲ ನಗಲಿಕ್ಕೆ ಎಂತ ಉಂಟು? ಮನೆಯೊಳಗೆ ನನ್ನ ಜೊತೆ ಈ ಮನುಷ್ಯನ ಬಾಯಿಂದ ನಾಲ್ಕು ಮಾತು ಹೊರಡಿಸಬೇಕಾದರೆ ನನಗೆ ಸಾಕೋ ಸಾಕಾಗುತ್ತಿತ್ತು.

ಆ ದಿನ ಮಧ್ಯಾಹ್ನ ಸುದ್ದಿ ಬಂತು. ಉತ್ತರದಲ್ಲಿ, ಕಡಲಿನ ತಳದಲ್ಲಿ ಭಾರೀ ಭೂಕಂಪ. ಸಂಜೆಯೊಳಗೆ ಎಲ್ಲರ ವಾಟ್ಸಾಪಿನಲ್ಲೂ ಅಲೆಗಳ ವೀಡಿಯೋ... ಬಹ್ರೇನ್ ಚಪ್ಪಟೆ ದ್ವೀಪ, ಬೆಳಗಾಗುವುದರೊಳಗೆ ನೀರು ನುಗ್ಗುತ್ತದೆ ಎಂದು ಯಾರೋ ವಾಯ್ಸ್ ಮೆಸೇಜ್ ಬಿಟ್ಟಿದ್ದ. ಅಷ್ಟು ದೂರದ ಅಲೆ ಇಲ್ಲಿಗೆ ಬರುವುದಿಲ್ಲ ಎಂದು ತಿಳಿದವರು ಹೇಳಿದರು, ಕೇಳುವವರು ಯಾರು? ಕೆಳಗಿನ ಅಂಗಡಿಯಲ್ಲಿ ನೀರಿನ ಬಾಟಲಿ ಖಾಲಿಯಾಯಿತು. ಮಕ್ಕಳಿದ್ದವರು ಪಾಸ್‌ಪೋರ್ಟ್ ಹಿಡಿದು ಟೆರೇಸಿಗೆ ಹತ್ತಿದರು.

ನನಗೆ ಇಲ್ಲಿಯ ನೀರಿನ ಚಿಂತೆ ಇರಲಿಲ್ಲ. ನಮ್ಮವರಿದ್ದದ್ದು ಅದೇ ಕಡಲಿನಲ್ಲಿ. ಎಷ್ಟು ಸಲ ಮಾಡಿದರೂ ಫೋನ್ ಹೋಗಲಿಲ್ಲ. ವರ್ಕ್‌ಶಾಪಿನವರು ನಾಳೆ ಹೇಳುತ್ತೇವೆ, ನಾಳೆ ಹೇಳುತ್ತೇವೆ ಎಂದು ಸಾಗಹಾಕಿದರು.

ರಾತ್ರಿ ಒಂದೂವರೆಗೆ ನನ್ನ ಫೋನ್ ರಿಂಗಾಯಿತು. ಎಂದೂ ನೋಡದ ಉದ್ದದ ನಂಬರ್...

ಈಗ ನೀವು ನಗುತ್ತೀರಿ. ನಗಿ. ಮಲ್ಪೆಯ ನಮ್ಮ ಮನೆಯಲ್ಲಿ ಅಜ್ಜಿ ಕಲಿಸಿದ್ದು, ನಡುರಾತ್ರಿ ಯಾರು ಕರೆದರೂ ಮೂರನೇ ಸಲ ಕರೆಯುವವರೆಗೆ ಓಗೊಡಬಾರದು ಎಂದು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಅಲ್ಲದ್ದು ಎರಡಕ್ಕೆ ನಿಲ್ಲಿಸುತ್ತದೆ. ಅಜ್ಜಿ ಬಾಗಿಲಿಗೆ ಹೇಳಿದ್ದನ್ನು ನಾನು ಫೋನಿಗೂ ನಡೆಸಿಕೊಂಡು ಬಂದವಳು. ಗಂಡ ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲದ ಆ ರಾತ್ರಿಯೂ ನನ್ನ ಬೆರಳು ಮುಂದೆ ಹೋಗಲಿಲ್ಲ. ರಿಂಗಾಗಿ ನಿಂತಿತು. ಮತ್ತೆ ರಿಂಗಾಯಿತು. ನಿಂತಿತು. ಇನ್ನು ಮೂರನೆಯದು ಎಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ...

ಮೂರನೆಯದು ಗೋಡೆಯಾಚೆ ರಿಂಗಾಯಿತು.

ಐರಿನ್ ಎತ್ತಿದಳು. ಹಲೋ ಎಂದದ್ದು ಕೇಳಿಸಿತು, ಆಮೇಲೆ ಅವಳ ನಗು. ನಾನು ಬರಿಗಾಲಿನಲ್ಲಿ ಓಡಿ ಅವಳ ಬಾಗಿಲು ಬಡಿದೆ. ತೆರೆದಾಗ ಒಳಗಿನಿಂದ ತಣ್ಣನೆಯ ಗಾಳಿ ಬಂತು. ಅದರಲ್ಲಿ ಗ್ರೀಸು, ಸೋಪಿನ ಪುಡಿ ಬೆರೆತ ವಾಸನೆ. ನಮ್ಮವರು ಕೆಲಸದಿಂದ ಬಂದು ಕೈ ತೊಳೆದಾಗ ಬರುವ ವಾಸನೆ ಅದು.

"ದಿನೇಶಣ್ಣ ಸೇಫ್ ಇದ್ದಾರೆ ಶಶಿಯಕ್ಕ. ಈಗಷ್ಟೇ ಫೋನ್ ಇಟ್ರು," ಎಂದಳು.

"ಫೋನ್ ನಂಗೆ ತಂದು ಕೊಡ್ಲಿಕ್ಕೆ ಆಗ್ಲಿಲ್ವಾ?"

"ಶಶಿ ಎತ್ತುದಿಲ್ಲ ಅಂತ ಅವ್ರೇ ಹೇಳಿದ್ರು. ಅಲ್ಲಿ ತುಂಬಾ ಚಳಿ ಅಂತೆ. ನಾನು ನಿನ್ನ ಮನೆಗೆ ಬರ್ಲಾ ಅಂತ ಕೇಳಿದ್ರು."

"ನೀನೆಂತ ಹೇಳಿದೆ?"

"ಬನ್ನಿ ಅಂದೆ. ಮತ್ತೆಂತ ಹೇಳುದು ಅಕ್ಕ? ಬರ್ತೇನೆ ಅಂದವರಿಗೆ ಬೇಡ ಅಂತಾರಾ?"

ಗಂಡ ಬದುಕಿದ್ದಾರೆ ಎಂದು ತಿಳಿದ ಹೆಂಗಸು ದೇವರಿಗೆ ಕೈ ಮುಗಿಯಬೇಕು. ನಾನು ಬೆಳಗಿನವರೆಗೆ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸಾವಿನ ಬಾಯಿಂದ ತಪ್ಪಿಸಿಕೊಂಡವರಿಗೆ ಮಾತಾಡಲು ಅವಳೇ ಬೇಕಾಯಿತೇ? ನನ್ನನ್ನು ಇನ್ನೊಂದು ಸಲ ಕರೆದಿದ್ದರೆ ಏನಾಗುತ್ತಿತ್ತು?

ನಾಲ್ಕನೇ ದಿನ ಅವರ ಫೋನ್ ಬಂತು. ಹೇಗಿದ್ದೀರಿ ಎಂದೂ ಕೇಳದೆ ನಾನು ಐರಿನ್ ವಿಷಯ ತೆಗೆದೆ. ಭೂಕಂಪಕ್ಕೆ ಹಡಗು ಅಲ್ಲಾಡಿದಾಗಲೇ ಆಂಟೆನಾ ಮುರಿದಿತ್ತಂತೆ. ಸರಿಯಾದದ್ದು ಅಂದು ಬೆಳಿಗ್ಗೆ. ಅಲ್ಲಿಯವರೆಗೆ ಯಾರೂ ಯಾರ ಹತ್ತಿರವೂ ಮಾತಾಡಿಲ್ಲ, ಐರಿನ್‌ಳ ನಂಬರ್ ತನ್ನ ಬಳಿ ಇಲ್ಲವೇ ಇಲ್ಲ ಎಂದರು.

ನಾನು ನಂಬಲಿಲ್ಲ. ಐರಿನ್‌ಳ ಫೋನ್ ಕಸಿದುಕೊಂಡು ನೋಡಿದರೆ ಆ ರಾತ್ರಿಯ ಕರೆಯೇ ಅದರಲ್ಲಿರಲಿಲ್ಲ. ಅಳಿಸಿದ್ದಾಳೆ ಕಳ್ಳಿ ಎಂದುಕೊಂಡೆ. ಆಮೇಲೆ ನನ್ನ ಫೋನ್ ನೋಡಿದೆ... ನನಗೆ ಬಂದ ಎರಡು ಮಿಸ್ಡ್ ಕಾಲ್ ಕೂಡ ಇರಲಿಲ್ಲ. ನಾನಂತೂ ಅಳಿಸಿರಲಿಲ್ಲ.

ಎರಡು ತಿಂಗಳ ಮೇಲೆ ಅವರು ವಾಪಸ್ ಬಂದರು. ಸೊರಗಿದ್ದರು, ಮಾತು ಮೊದಲಿಗಿಂತ ಕಡಿಮೆ. ಐರಿನ್ ಮನೆ ಕಡೆ ತಲೆ ಹಾಕಲಿಲ್ಲ. ಅವಳೂ ಬರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ಗುರುತಿಲ್ಲದವರಿಗೆ ಮಾಡಿದ ಹಾಗೆ ಅವರಿಗೆ ಸುಮ್ಮನೆ ತಲೆಯಾಡಿಸಿದಳು. ಆದರೆ ಅವಳ ಮುಖದಲ್ಲಿ ಹೊಸ ಮದುಮಗಳ ಕಳೆ ಇತ್ತು.

ಅವರು ಬಂದ ಎಂಟನೇ ರಾತ್ರಿ ನನಗೆ ಎಚ್ಚರವಾಯಿತು. ಎ.ಸಿ. ಸದ್ದಿನ ಹಿಂದೆ ಯಾರೋ ಮಾತಾಡುತ್ತಿದ್ದರು... ಗಂಡಸಿನ ದನಿ. ನಮ್ಮವರದ್ದೇ. ಎದ್ದು ಅವಳ ಮನೆಗೆ ಹೋದರೇ ಎಂದು ಕತ್ತಲಲ್ಲಿ ಕೈಯಾಡಿಸಿದೆ. ಪಕ್ಕದಲ್ಲೇ ಇದ್ದರು, ಗೊರಕೆ ಹೊಡೆಯುತ್ತಾ.

ದನಿ ಬರುತ್ತಿದ್ದದ್ದು ಗೋಡೆಯಾಚೆಯಿಂದ.

ಎದ್ದು ಗೋಡೆಗೆ ಕಿವಿ ಇಟ್ಟೆ. ಕಿವಿ ಮರಗಟ್ಟುವಷ್ಟು ತಣ್ಣಗಿತ್ತು ಗೋಡೆ. ಏಳು ವರ್ಷದ ಹಿಂದೆ ನಮಗೊಂದು ಹೆಣ್ಣು ಮಗು ಹುಟ್ಟಿ ಅದೇ ದಿನ ಹೋಯಿತು. ಇವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಇವತ್ತಿನವರೆಗೂ ನನ್ನ ಹತ್ತಿರ ಅವಳ ವಿಷಯ ಎತ್ತಿಲ್ಲ. ಆ ದನಿ ಐರಿನ್‌ಳಿಗೆ ಅದನ್ನೇ ಹೇಳುತ್ತಿತ್ತು. ಆಸ್ಪತ್ರೆಯ ಹಿಂದಿನ ಮೆಟ್ಟಿಲಲ್ಲಿ ಕೂತು, ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತದ್ದು. ಯಾರಿಗೂ ಹೇಳದೆ ಮಗುವಿಗೆ ಒಂದು ಹೆಸರಿಟ್ಟದ್ದು. ಆ ಹೆಸರನ್ನೂ ಹೇಳಿತು, ಮೆಲ್ಲಗೆ. ಐರಿನ್ ಅಳುತ್ತಿದ್ದಳು.

ನನಗೆ ಹೆದರಿಕೆಯಾಗಬೇಕಿತ್ತು. ಆದದ್ದೂ ಹೌದು. ಆದರೆ ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾಯಿತು. ಅದು ನನ್ನ ಮಗು, ಆ ಅಳು ನನ್ನೆದುರು ಅಳಬೇಕಾದದ್ದು.

ಬೆಳಿಗ್ಗೆ ಚಾ ಕೊಡುವಾಗ ಕೇಳಿದೆ, "ನಮ್ಮ ಪಾಪುವಿಗೆ ನೀವು ಜಾಹ್ನವಿ ಅಂತ ಹೆಸರಿಟ್ಟಿದ್ರಾ?"

ಲೋಟ ಹಿಡಿದ ಕೈ ಅರ್ಧದಲ್ಲೇ ನಿಂತಿತು. "ನಿಂಗೆ ಯಾರು ಹೇಳಿದ್ದು?" ಎಂದರು. ಮುಖ ಬಿಳುಚಿಕೊಂಡಿತ್ತು. ಲೋಟ ಅಲ್ಲೇ ಇಟ್ಟು, ಶೂ ಹಾಕಿಕೊಂಡು ಕೆಲಸಕ್ಕೆ ಹೋದರು.

ಈಗಲೂ ನಾವು ಅದೇ ಫ್ಲ್ಯಾಟಿನಲ್ಲಿದ್ದೇವೆ. ಬೇರೆ ಕಡೆ ಹೋಗುವ ಎಂದು ಇವರು ಎರಡು ಸಲ ಹೇಳಿದರು, ನಾನೇ ಬೇಡ ಎಂದೆ. ರಾತ್ರಿ ಇವರಿಗೆ ನಿದ್ದೆ ಬಂದ ಮೇಲೆ ಕುರ್ಚಿ ಎಳೆದುಕೊಂಡು ಗೋಡೆಯ ಪಕ್ಕ ಕೂರುತ್ತೇನೆ. ಅದು ಯಾರೋ ಏನೋ, ನನಗೆ ಗೊತ್ತಿಲ್ಲ... ನನ್ನ ಗಂಡ ಮನಸ್ಸು ಬಿಚ್ಚಿ ಮಾತಾಡುವುದನ್ನು ಕೇಳಬೇಕಾದರೆ ನನಗಿರುವುದು ಅದೊಂದೇ ಜಾಗ.